ಹುಬ್ಬು ಏರಿಸಿದರೆ ಹೌದು

ಇಲ್ಲ, ಇಲ್ಲ, ಎಲ್ಲಿಗೆ ಎದ್ದೆ? ಕೂತ್ಕೋ ಲೆಸಿಯೆಲಿ. ಉಟ್ಟ ಬಟ್ಟೆ ಮೇಲೆ ಸೊಂಟಕ್ಕೆ ಸುತ್ತಿರೋ ಚಾಪೆ ಬಿಚ್ಚಿಟ್ಟು ಹಾಯಾಗಿ ಕೂತ್ಕೋ. ಮಕ್ಕಳೆಲ್ಲ ಹೋದ್ರಲ್ಲ, ಇನ್ನು ಯಾರಿಗೆ ಮರ್ಯಾದೆ ತೋರಿಸಬೇಕು? ನಾನೂ ಬಿಚ್ತೀನಿ. ಉಸ್ಸಪ್ಪಾ... ಟೋಂಗಾದ ಈ ಶೆಕೇಲಿ ಚಾಪೆ ಸುತ್ಕೊಂಡು ಪಾಠ ಮಾಡು ಅಂತ ಯಾವ ಪುಣ್ಯಾತ್ಮ ಹೇಳಿದನೋ! ಯಾಕೆ ನಗ್ತೀಯಾ? ನನ್ನ ಸೊಂಟ ನೋಡಿ ನಗ್ತೀಯಾ? ನಗು ನಗು. ನೀನೂ ನನ್ನಷ್ಟು ವರ್ಷ ಸೀಮೆಸುಣ್ಣ ಹಿಡಿದು ನಿಲ್ಲು, ನಿನಗೂ ಬರುತ್ತೆ.

ಏನು ಹೇಳ್ತಾ ಇದ್ದೆ? ಹ್ಞಾ, ಬೆನ್ನು. ನೀನು ಬೋರ್ಡಿನ ಮೇಲೆ ಬರೀತಾ ಬರೀತಾನೇ ಮಾತಾಡ್ತೀಯ. ಅದು ಬಿಡಬೇಕು. ಬರಿ, ನಿಲ್ಲಿಸು, ತಿರುಗು, ಆಮೇಲೆ ಬಾಯಿ ಬಿಡು. ನಮ್ಮ ಮಕ್ಕಳಿಗೆ ಇಂಗ್ಲಿಷ್ ಮನೇಲಿ ಕೇಳಿಸೋದಿಲ್ಲ, ಚರ್ಚಿನಲ್ಲಿ ಕೇಳಿಸೋದಿಲ್ಲ, ಮೀನು ಮಾರೋ ಕಡೆ ಕೇಳಿಸೋದಿಲ್ಲ. ಕೇಳಿಸಿದರೆ ನಿನ್ನ ಬಾಯಿಂದಲೇ. ನಿನ್ನ ತುಟಿ ನೋಡ್ಕೊಂಡು ಕಲೀಬೇಕು ಅವು. ನೀನು ಬೆನ್ನು ತೋರಿಸಿದರೆ ಏನು ಕಲೀತಾವೆ? ಜಡೆ ಹಾಕೋದು!

ಇನ್ನೊಂದು. ‘ಅರ್ಥ ಆಯ್ತಾ’ ಅಂತ ಕೇಳಬೇಡ. ಇವತ್ತು ಎಷ್ಟು ಸಲ ಕೇಳಿದೆ ಗೊತ್ತಾ? ಪಕ್ಕದ ಕ್ಲಾಸಿಗೆ ಕೇಳಿಸ್ತಾ ಇತ್ತು. ಅರ್ಥ ಆಯ್ತಾ, ಅರ್ಥ ಆಯ್ತಾ, ಅರ್ಥ ಆಯ್ತಾ... ಇಡೀ ಕ್ಲಾಸು ‘ಆಯ್ತು ಟೀಚರ್’ ಅನ್ನುತ್ತೆ. ದೊಡ್ಡವರಿಗೆ ‘ಇಲ್ಲ’ ಅನ್ನೋ ಮಗೂನ ನೀನು ಟೋಂಗಾದಲ್ಲಿ ಎಲ್ಲಾದ್ರೂ ನೋಡಿದೀಯಾ? ಇದ್ದರೆ ಅದನ್ನ ನುಕುಅಲೋಫಾದ ಅರಮನೆಗೆ ಕರ್ಕೊಂಡು ಹೋಗಿ ರಾಜರಿಗೇ ತೋರಿಸಬೇಕು. ಅರ್ಥ ಆಯ್ತಾ ಅಂತ ಕೇಳೋ ಬದಲು ಒಂದು ಕೆಲಸ ಹೇಳು. ಕಿಟಕಿ ತೆಗಿ, ಕಲ್ಲು ಎತ್ತು, ಅವಳ ಹಿಂದೆ ನಿಲ್ಲು. ಮಾಡಿದರೆ ಅರ್ಥ ಆಗಿದೆ, ಪಿಳಿಪಿಳಿ ಕಣ್ಣು ಬಿಟ್ಟರೆ ಆಗಿಲ್ಲ. ತಿಳೀತಾ?

ನೋಡು, ನೋಡು, ಈಗ ನೀನೇ ಮಾಡಿದೆ! ಹುಬ್ಬು ಏರಿಸಿದೆ! ಬಾಯಲ್ಲಿ ‘ಹೌದು’ ಅನ್ನೋಕೆ ಏನು ಕಷ್ಟ ನಿಮಗೆಲ್ಲ? ಹುಬ್ಬು ಏರಿಸಿದರೆ ಹೌದು ಅಂತ ನನಗೂ ಗೊತ್ತು, ನಿನಗೂ ಗೊತ್ತು, ಮೊಲೆ ಕುಡಿಯೋ ಕೂಸಿಗೂ ಗೊತ್ತು. ನಾಳೆ ನಿನ್ನ ಪಾಠ ನೋಡೋಕೆ ಬರೋ ಬಿಳಿ ಮೇಡಮ್‌ಗೆ ಗೊತ್ತಾ? ಹಿಂದೊಂದು ಸಲ ನೀನು ಟೀಚರ್ ಟ್ರೇನಿಂಗ್ ಮಾಡ್ತಿರೋ ಕಾಲೇಜಿಂದಲೇ ಇನ್ನೊಬ್ಬಳು ಬಂದಿದ್ದಳು. ಒಬ್ಬ ಹುಡುಗನ್ನ ನಿಲ್ಲಿಸಿ, ತಿಂಡಿ ತಿಂದೆಯಾ ಅಂತ ಇಂಗ್ಲಿಷಲ್ಲಿ ಕೇಳಿದಳು. ಇವನು ಹುಬ್ಬು ಏರಿಸಿದ. ಮತ್ತೆ ಕೇಳಿದಳು. ಮತ್ತೆ ಏರಿಸಿದ. ಅವಳು ಕೇಳೋದು, ಇವನು ಏರಿಸೋದು! ಕೊನೆಗೆ ಪಾಪ, ಕಣ್ಣಿಗೆ ಏನೋ ಬಿದ್ದಿದೆ ಅಂತ ಊದೋಕೆ ಹೋದಳು ಮಹಾತಾಯಿ. ಹ್ಞೂ, ಈಗ ನಗು. ಆವತ್ತು ನಾವ್ಯಾರೂ ನಗಲಿಲ್ಲ. ಇಲ್ಲಿನ ಮಕ್ಕಳಿಗೆ ಇಂಗ್ಲಿಷ್‌ನ ಗಂಧಗಾಳಿ ಇಲ್ಲ ಅಂತ ಹೇಳಿಬಿಟ್ಟು ಹೋದಳು. ಆವತ್ತಿಂದ ನನ್ನ ಕ್ಲಾಸಲ್ಲಿ ಹುಬ್ಬು ಬಂದ್. ಬಾಯಿ ಬಿಟ್ಟವರಿಗೆ ಉಂಟು, ಹುಬ್ಬು ಏರಿಸಿದವರಿಗೆ ಇಲ್ಲ.

ಸರಿ. ಈಗ ನೀನು ಹೇಳೋಕೆ ಬಂದ ವಿಷಯಕ್ಕೆ ಬರೋಣ. ಮುಖ ಸಣ್ಣ ಮಾಡ್ಕೋಬೇಡ. ಬೈಯೋದಿಲ್ಲ. ಬೆಳಗಿನ ಸುದ್ದಿ. ಅದರಲ್ಲಿ ನೀನು ಎಡವಿದ್ದು ಹೌದು.

ಬೆಳಗಿನ ಸುದ್ದಿ ಅಂದರೇನು? ಒಂದೊಂದು ಮಗು ಎದ್ದು ನಿಂತು, ಇಂಗ್ಲಿಷಲ್ಲಿ ನಾಲ್ಕು ಮಾತು ಆಡಿ ಕೂರೋದು. ಎಲ್ಲರಿಗೂ ನಮಸ್ಕಾರ. ನಿನ್ನೆ ನಾನು ಅಪ್ಪನ ಜೊತೆ ತೋಟಕ್ಕೆ ಹೋದೆ. ಮರಗೆಣಸು ಕಿತ್ತೆವು. ನನಗೆ ಖುಷಿ ಆಯ್ತು. ವಂದನೆಗಳು. ಅಷ್ಟೇ! ತೋಟದ ಬದಲು ಚರ್ಚು, ಮರಗೆಣಸಿನ ಬದಲು ಮೀನು. ನಾನು ಚಿಕ್ಕವಳಿದ್ದಾಗಲೂ ಅದೇ ತೋಟ, ಅದೇ ಗೆಣಸು, ಅದೇ ಖುಷಿ. ಹೋದ ವರ್ಷ ಒಬ್ಬ ಹುಡುಗ, ನಿನ್ನೆ ನನ್ನ ತಾತನ್ನ ಮಣ್ಣು ಮಾಡಿದೆವು, ನನಗೆ ಖುಷಿ ಆಯ್ತು, ವಂದನೆಗಳು ಅಂದ. ಕ್ಲಾಸು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮತ್ತೇನು ಮಾಡಲಿ? ವಾಕ್ಯ ಸರಿಯಾಗಿತ್ತು.

ನೀನು ಏನು ಮಾಡಿದೆ? ಬಂದಿದ್ದು ಸೋಮವಾರ. ಬುಧವಾರಕ್ಕೆ ಹೊಸ ಪಾಠ. ‘ಮಕ್ಕಳೇ, ಬಾಯಿಪಾಠ ಬೇಡ, ನಿಮ್ಮ ಮನೇಲಿ ನಿಜವಾಗಿ ಏನು ನಡೀತೋ ಅದನ್ನ ಹೇಳಿ.’ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದು, ಗೊತ್ತು. ನಮಗೂ ಹೇಳಿಕೊಟ್ಟಿದ್ದರು. ಆದರೆ ನಿಜ ಕೇಳಿದರೆ ಮಕ್ಕಳು ನಿಜ ಹೇಳಿಬಿಡ್ತಾವೆ ಕಣೇ! ಹೇಳಿದ ಮೇಲೆ ಅದನ್ನ ಎಲ್ಲಿಡ್ತೀಯ? ಬೋರ್ಡ್ ಒರೆಸಿದ ಹಾಗೆ ಒರೆಸೋಕಾಗುತ್ತಾ?

ಈಗ ಇವತ್ತು ಹೇಳಿದ ಹುಡುಗಿ... ಯಾರು, ಆ ಮೂಲೇಲಿ ಕೂರ್ತಾಳಲ್ಲ, ಏನವಳ ಹೆಸರು... ತೆಮಲೇತಿ. ಹೌದು, ತೆಮಲೇತಿ. ಉತ್ತರದ ದ್ವೀಪದ ಹುಡುಗಿ. ದೋಣಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅಂಥ ಕಡೆಯಿಂದ ಓದೋಕೆ ಕಳಿಸಿದಾರೆ. ನಮ್ಮಲ್ಲಿ ಅಂಥವರು ಕ್ಲಾಸಿಗೆ ಅರ್ಧ ಇದಾರೆ. ಯಾರೋ ಸೋದರತ್ತೆ ಮನೇಲೋ ಚಿಕ್ಕಮ್ಮನ ಮನೇಲೋ ಇರ್ತಾರೆ. ಅಂಥ ಮಕ್ಕಳು ಸ್ವಲ್ಪ... ಏನು ಹೇಳಲಿ... ಮನೆ ನೆನಪಲ್ಲಿ ಒಂದಕ್ಕೆ ಎರಡು ಹೇಳ್ತಾವೆ.

ಆಯ್ತು, ಸುಳ್ಳು ಅಂತ ನಾನೆಲ್ಲಿ ಅಂದೆ? ನೀನು ಯಾಕೆ ಹಾಗೆ ಮುಖ ತಿರುಗಿಸ್ತೀಯ?

ಅದನ್ನ ಇನ್ನೊಂದು ಸಲ ಹೇಳು. ಬೇಡ, ನಾನೇ ಹೇಳ್ತೀನಿ, ತಪ್ಪಿದ್ರೆ ತಿದ್ದು. ‘ನಿನ್ನೆ ನಾನು ಊಟ ಮಾಡಲಿಲ್ಲ. ನಾನಿರೋ ಮನೇಲಿ, ನಿನಗೆ ಹಸಿವಾಗಿದೆಯಾ ಅಂತ ಕೇಳಿದರು. ನಾನು ಹುಬ್ಬು ಏರಿಸಿದೆ. ಹುಬ್ಬು ಇಂಗ್ಲಿಷ್ ಅಲ್ಲ ಅಂದರು. ಅದಕ್ಕೆ ಊಟ ಮಾಡಲಿಲ್ಲ. ಈಗಲೂ ಹಸಿವಾಗಿದೆ. ವಂದನೆಗಳು.’ ಇಷ್ಟೇ ತಾನೇ? ಅಷ್ಟೂ ಇಂಗ್ಲಿಷಲ್ಲೇ? ನಡುವೆ ನೀನು ಎತ್ತಿಕೊಟ್ಟೆಯಾ? ಒಂದು ಪದ? ಅರ್ಧ ಪದ?

ಇಲ್ಲ. ಹ್ಞೂ.

ತಲೆ ತಗ್ಗಿಸಿಕೊಂಡು ಹೇಳಿದಳಾ, ಎತ್ತಿಕೊಂಡಾ? ಸುಮ್ಮನೆ ಕೇಳಿದೆ ಕಣೇ. ಮೇಷ್ಟ್ರಾದವರು ಇದನ್ನೆಲ್ಲ ಗಮನಿಸಬೇಕು. ದನಿ ಕಿಟಕಿ ತನಕ ಬಂತಾ? ಅವಳ ದನಿ ಹೇಗಿ... ಅಂದರೆ, ಕೆಲವು ಮಕ್ಕಳ ದನಿ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಲ್ಲ, ಅದಕ್ಕೆ ಕೇಳಿದೆ.

ಸರಿ ಬಿಡು. ನಾಳೆ ಏನು ಮಾಡಬೇಕು ಅಂದರೆ, ಹಳೇ ಸುದ್ದಿಗೆ ವಾಪಸ್ ಬರಬೇಕು. ತೋಟ, ಗೆಣಸು, ಖುಷಿ, ವಂದನೆ. ಚುರುಕಾಗಿರೋ ನಾಲ್ಕು ಮಕ್ಕಳನ್ನ ಮುಂದೆ ಕೂರಿಸು. ಇವಳನ್ನ ಎಬ್ಬಿಸಬೇಡ. ಅವಳೇ ಕೈ ಎತ್ತಿದರೂ ನೋಡದ ಹಾಗೆ ಇದ್ದುಬಿಡು. ಬಿಳಿ ಮೇಡಮ್ ಮುಂದೆ ಇದೆಲ್ಲ ಬೇಡ. ಅವಳು ಊರೂರಿಗೆ ಹೇಳ್ಕೊಂಡು ಹೋಗ್ತಾಳೆ, ಟೋಂಗಾದವರು ಮಕ್ಕಳಿಗೆ ಊಟ ಹಾಕೋದಿಲ್ಲ ಅಂತ! ನಮ್ಮಲ್ಲಿ? ಬೀದೀಲಿ ಹೋಗೋರನ್ನ ಕೂಗಿ ಕರೆದು ಬಡಿಸೋ ಜನ ನಾವು!

ಹೆಡ್‌ಮಾಸ್ಟರಿಗೆ ಹೇಳಿದೀಯಾ? ಇನ್ನೂ ಇಲ್ವಾ? ಒಳ್ಳೇದಾಯ್ತು. ಪಾದ್ರಿ ಹೆಂಡತಿಗೆ? ನೀನು ಉಳ್ಕೊಂಡಿರೋದು ಅವರ ಮನೇಲಿ, ಅದಕ್ಕೆ ಕೇಳಿದೆ. ಆಯಮ್ಮನ ಕಿವಿಗೆ ಬಿದ್ದರೆ ಪಕ್ಕದ ಚರ್ಚ್ ಹಾಲ್‌ನಲ್ಲಿ ಬಟ್ಟೆ ಮಾಡೋಕೆ ಮರದ ತೊಗಟೆ ಬಡೀತಾ ಕೂತಿದಾರಲ್ಲ, ಕೇಳಿಸ್ತಿದೆಯಾ ಟಕ್ ಟಕ್ ಅಂತ, ಅಷ್ಟೂ ಹೆಂಗಸರ ಬಾಯಿಗೆ ಬಿದ್ದ ಹಾಗೇ. ಬಟ್ಟೆಗಿಂತ ಮೊದಲು ಮಾತು ಹರಡ್ತಾರೆ ಅವರು.

ನೋಡು ಲೆಸಿಯೆಲಿ, ನಿನ್ನ ಬಗ್ಗೆ ಕಾಲೇಜಿನವರು ಮೊದಲು ಕೇಳೋದು ನನ್ನನ್ನೇ. ಒಳ್ಳೇ ಮಾತು ಹೇಳಬೇಕು ಅಂತಾನೇ ಇದೀನಿ. ನಿನ್ನಲ್ಲಿ ಏನೋ ಇದೆ. ನಾಲ್ಕು ದಿನದಲ್ಲಿ ಮಕ್ಕಳು ನಿನ್ನ ಹಿಂದೆ ಬಾತುಕೋಳಿ ಮರಿ ಹಾಗೆ ಓಡಾಡ್ತಾವೆ. ಅದನ್ನ ಕಲಿಸೋಕಾಗಲ್ಲ, ಹುಟ್ಟಿಂದ ಬರಬೇಕು. ನನಗೆ ಬರಲಿಲ್ಲ. ನನಗೆ ಬಂದಿದ್ದು ಶಿಸ್ತು. ನನ್ನ ಕೈಲಿ ಓದಿದವರು ಆರನೇ ಕ್ಲಾಸಿನ ಪರೀಕ್ಷೆ ದಾಟಿ ನುಕುಅಲೋಫಾದ ದೊಡ್ಡ ಶಾಲೆಗೆ ಹೋಗಿದಾರೆ, ಕೇಳಿನೋಡು ಯಾರನ್ನ ಬೇಕಾದರೂ. ಕಲೊಲೈನೆ ಟೀಚರ್ ಹತ್ತಿರ ಬಿಟ್ಟರೆ ಮಗು ಇಂಗ್ಲಿಷ್ ಆಡಿಯೇ ಆಡುತ್ತೆ ಅಂತಾರೆ.

ಬೆದರಿಸ್ತಾ ಇದೀನಿ ಅಂದುಕೊಂಡೆಯಾ? ಛೇ. ಬುದ್ಧಿ ಹೇಳ್ತಾ ಇದೀನಿ.

ಮತ್ತೆ ನೀನು ಆ ಮನೆಯವರನ್ನ ರಾಕ್ಷಸರು ಅಂದುಕೋಬೇಡ. ಯಾಕೆ ಹಾಗೆ ಮಾಡಿರ್ತಾರೆ ಅಂತ ಯೋಚನೆ ಮಾಡು. ಬರೀ ಮೈಮುಚ್ಚಿಕೊಂಡು ತಿಂದು ಮಲಗಲಿ ಅಂತ ಕರ್ಕೊಂಡು ಬರ್ತಾರಾ ಅಷ್ಟು ದೂರದಿಂದ? ಆ ಮಗು ಒಂದು ವರ್ಷದಿಂದ ಬಾಯಿ ಬಿಟ್ಟಿಲ್ಲ. ಒಂದು ವರ್ಷ! ಬಟ್ಟೆ ಒಗಿ ಅಂದರೆ ಒಗೀತಾಳೆ, ಅಂಗಳ ಗುಡಿಸು ಅಂದರೆ ಗುಡಿಸ್ತಾಳೆ, ಪಾಠ ಓದು ಅಂದರೆ ತುಟಿ ಅಲ್ಲಾಡುತ್ತೆ, ದನಿ ಇಲ್ಲ. ಎಲ್ಲದಕ್ಕೂ ಹುಬ್ಬು. ಹಾಸಿಗೆ ಹಾಸಲಾ? ಹುಬ್ಬು. ಹುಷಾರಿಲ್ವಾ? ಹುಬ್ಬು. ಅಮ್ಮನ ನೆನಪು ಬರುತ್ತಾ? ಹುಬ್ಬು. ಮುಂದಿನ ವರ್ಷ ಪರೀಕ್ಷೆ. ಪರೀಕ್ಷೇಲಿ ಹುಬ್ಬಿಗೆ ಮಾರ್ಕ್ಸ್ ಕೊಡ್ತಾರಾ? ಹಸಿವು ಅನ್ನೋದು ದೊಡ್ಡ ಮೇಷ್ಟ್ರು ಕಣೇ, ‘ನನಗೆ ಹಸಿವಾಗಿದೆ’ ಅನ್ನೋಕೆ ಎಷ್ಟು ಇಂಗ್ಲಿಷ್ ಬೇಕು? ಅಷ್ಟು ಅಂದರೆ ಸಾಕಾಗಿತ್ತು. ಒಂದು ಸಲ. ಎಲೆಗಂಟು ಅಲ್ಲೇ ಇತ್ತು ಒಲೆ ಪಕ್ಕ, ಕೆಸುವಿನೆಲೇಲಿ ಕಾಯಿಹಾಲು ಹಾಕಿ ಕಟ್ಟಿದ್ದು, ಅವಳಿಗೆ ಇಷ್ಟ ಅಂತಾನೇ. ಅಡುಗೆಮನೆಗೆ ಬೀಗ ಹಾಕಿರಲಿಲ್ಲ. ಎದ್ದು ಬಂದು ತಗೊಂಡು ತಿಂದಿದ್ದರೆ ಯಾರೂ ಏನೂ ಅಂತಿರಲಿಲ್ಲ, ಬೆಳಗ್ಗೆ ನೋಡಿದರೆ ಹಾಗೇ ಇದೆ, ಗಂಟು ಬಿಚ್ಚಿಯೇ ಇಲ್ಲ, ಇರುವೆ ಮುತ್ಕೊಂಡು...

...

ಏನು? ಹಾಗೆ ಯಾಕೆ ನೋಡ್ತೀಯ?

ಎಲ್ಲರ ಮನೇಲೂ ಹಾಗೇ ತಾನೇ ಇಡೋದು. ಎಲೆಗಂಟು ಒಲೆ ಪಕ್ಕ ಅಲ್ಲದೆ ಮತ್ತೆಲ್ಲಿ ಇಡ್ತಾರೆ? ನೀನು ಹೇಳಿದೆಯಲ್ಲ ಆಗಲೇ... ಹೇಳಲಿಲ್ವಾ? ಊಟ ಅಂತ ಮಾತ್ರ ಅಂದಳಾ? ಏನು ಊಟ ಅಂತ ಅನ್ನಲಿಲ್ವಾ?

ಸುಮ್ಮನೆ ಕೂರಬೇಡ ಲೆಸಿಯೆಲಿ. ನಾನು ಮಾತಾಡ್ತಾ ಇದೀನಿ. ದೊಡ್ಡವರು ಮಾತಾಡಿದರೆ ಉತ್ತರ ಕೊಡಬೇಕು.

ಸರಿ. ಸೋದರತ್ತೆ ನಾನೇ. ಆಯ್ತಾ? ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿರಲಿಲ್ಲ. ಶಾಲೇಲಿ ಅತ್ತೆ ಅನ್ನಬೇಡ, ಟೀಚರ್ ಅನ್ನು ಅಂತ ನಾನೇ ಹೇಳಿದೀನಿ, ಬೇರೆ ಮಕ್ಕಳು ಆಡಿಕೊಳ್ಳಬಾರದು ಅಂತ. ನನ್ನ ತಮ್ಮನ ಮಗಳು. ನಾನೇ ಬಾಯಿಬಿಟ್ಟು ಕೇಳಿದೆ, ಈ ಮಗಳನ್ನ ನನಗೆ ಕೊಡು ಅಂತ. ಅಕ್ಕ ಕೇಳಿದರೆ ತಮ್ಮ ಇಲ್ಲ ಅಂತಾನಾ? ಅನ್ನೋ ಹಾಗೇ ಇಲ್ಲವಲ್ಲ ನಮ್ಮಲ್ಲಿ. ಅವನ ಹೆಂಡತಿ ಚಾಪೆ ಹೆಣೀತಾ ಕೂತಿದ್ದಳು, ತಲೆ ಎತ್ತಲಿಲ್ಲ. ದೋಣಿ ಹತ್ತುವಾಗ ಈ ಹುಡುಗಿ... ದೋಣಿ ಹತ್ತುವಾಗ ಎಷ್ಟು ಮಾತಾಡ್ತಾ ಇದ್ದಳು ಗೊತ್ತಾ? ಅತ್ತೇ ಆ ಹಕ್ಕಿ ಯಾವುದು, ಅತ್ತೇ ನಿಮ್ಮೂರಲ್ಲಿ ಕುದುರೆ ಇದೆಯಾ, ಅತ್ತೇ ನಿಮ್ಮ ಮನೇಲಿ ನಾನು ಎಲ್ಲಿ ಮಲಗ್ತೀನಿ? ದಾರಿ ಉದ್ದಕ್ಕೂ! ನನಗೆ ತಲೆನೋವು ಬಂತು. ಇಳಿದ ಕೂಡಲೇ ಹೇಳಿದೆ, ಇನ್ನು ಮೇಲೆ ಇದನ್ನೆಲ್ಲ ಇಂಗ್ಲಿಷಲ್ಲಿ ಕೇಳು, ಆಗ ಹೇಳ್ತೀನಿ ಅಂತ.

ಅಷ್ಟೇ ನಾನು ಹೇಳಿದ್ದು. ತಪ್ಪಾ ಅದು? ಹೇಳು. ಟೀಚರ್ ಆಗೋಕೆ ಬಂದವಳು ನೀನು, ಹೇಳು. ನೀರಿನಲ್ಲಿ ಮುಳುಗಿಸಿದರೆ ಈಜು ಬರುತ್ತೆ ಅಂತ ನಿಮ್ಮ ಕಾಲೇಜಿನಲ್ಲೇ ತಾನೇ ಹೇಳೋದು?

ಆಮೇಲೆ ಕೇಳಲೇ ಇಲ್ಲ. ಹಕ್ಕಿ ಬೇಡ, ಕುದುರೆ ಬೇಡ, ಏನೂ ಬೇಡ.

ಮತ್ತೆ ಇವತ್ತು ನಿನ್ನ ಮುಂದೆ... ಬಂದು ನಾಲ್ಕು ದಿನ ಆದವಳ ಮುಂದೆ... ಅಷ್ಟುದ್ದ. ಒಂದು ತಪ್ಪಿಲ್ಲದೆ. ನನ್ನ ಇಂಗ್ಲಿಷೇ ಕಣೇ ಅದು! ನಾನೇ ಕಲಿಸಿದ್ದು! ನಿನ್ನದಲ್ಲ. ನಾನು ಗೋಡೆಗೆ ಹೇಳಿದ ಹಾಗೆ ಹೇಳ್ತಾ ಇದ್ದೆ ವರ್ಷವಿಡೀ, ಅವಳು ಎಲ್ಲಾ ಒಳಗೆ ಇಟ್ಕೊಂಡಿದ್ದಳು, ನೋಡಿದೆಯಾ, ಒಂದೂ ಚೆಲ್ಲದೆ. ನಮ್ಮ ಮಾತಲ್ಲಿ ಸೋದರತ್ತೆ ಮೇಲೆ ದೂರು ಹೇಳೋಕೆ ಯಾವ ಮಗುವಿಗೂ ನಾಲಿಗೆ ಏಳೋದಿಲ್ಲ. ಚಿಕ್ಕವಳಿದ್ದಾಗ ನನಗೂ ಎದ್ದಿರಲಿಲ್ಲ. ಇಂಗ್ಲಿಷಲ್ಲಿ ಅತ್ತೆ ಇಲ್ಲ, ತಮ್ಮ ಇಲ್ಲ, ಮರ್ಯಾದೆ ಇಲ್ಲ, ಹೇಳಿಬಿಟ್ಟಳು. ನಾನು ಕಲಿಸಿದ ಮಾತಲ್ಲೇ ನನ್ನ ಮೇಲೆ... ಆದರೂ ನನ್ನ ಹೆಸರು ತೆಗೀಲಿಲ್ಲ, ಅಲ್ವಾ? ‘ನಾನಿರೋ ಮನೇಲಿ’ ಅಂದಳು. ‘ಅಂದರು’ ಅಂದಳು. ಹೆಸರು ತೆಗೀಲಿಲ್ಲ.

ನಾನು ಅಳ್ತಾ ಇಲ್ಲ. ಶೆಕೆ. ಆ ಚಾಪೆ ಕೊಡು ಇಲ್ಲಿ, ಗಾಳಿ ಹಾಕ್ಕೋತೀನಿ.

ಇವತ್ತು ರಾತ್ರಿ ಹಾಕ್ತೀನಿ ಕಣೇ ಊಟ. ಕೇಳದೇನೇ ಹಾಕ್ತೀನಿ. ಮೀನು ತಗೊಂಡು ಹೋಗ್ತೀನಿ. ನೀನು ಯಾರಿಗೂ ಹೇಳಬೇಡ, ನಾಳೆ ಆ ಮೇಡಮ್ ಹೋಗಲಿ, ಶನಿವಾರ ನಾನೇ ಅವಳನ್ನ ಕೂರಿಸಿಕೊಂಡು... ಯಾವ ಭಾಷೇಲಾದರೂ ಮಾತಾಡಲಿ. ಮಾತಾಡದೆ ಇದ್ದರೂ ಇರಲಿ. ಈಗ ಮನೇಲಿ ಒಬ್ಬಳೇ ಇರ್ತಾಳೆ, ಅಂಗಳ ಗುಡಿಸ್ತಾ ಇರ್ತಾಳೆ, ನಾನು ಹೊರಡ್ತೀನಿ...

ಯಾಕೆ ಬಾಗಿಲಿಗೆ ಅಡ್ಡ ಬರ್ತೀಯ?

ಲೆಸಿಯೆಲಿ.

ಅವಳು ಮನೇಲಿ ಇಲ್ವಾ?

ಎಲ್ಲಿದಾಳೆ? ಬಾಯಿ ಬಿಡು. ಪಾದ್ರಿ ಮನೇಲಿ? ನೀನು ಕಳಿಸಿದೆಯಾ?... ಹುಬ್ಬು ಏರಿಸ್ತೀಯ. ಆಯ್ತು, ಏರಿಸು, ಏರಿಸು, ನನಗೆ ಅರ್ಥ ಆಗುತ್ತೆ. ಹಾಗಾದರೆ ನಿನಗೆ ಮೊದಲೇ ಗೊತ್ತಿತ್ತು. ಇಲ್ಲಿಗೆ ಬರೋಕೆ ಮುಂಚೇನೇ, ಆ ಮನೆ ಯಾವುದು ಅಂತ. ನಾನು ‘ಯಾರೋ ಸೋದರತ್ತೆ’ ಅಂತ ಅಂದಾಗ ನೀನು ಕೂತು ಕೇಳ್ತಾ ಇದ್ದೆ. ಅವಳ ಹೆಸರು ಗೊತ್ತಿಲ್ಲದವಳ ಹಾಗೆ ನಾನು ಆಡಿದಾಗ ನೀನು...

ಹ್ಞೂ. ಏರಿತು. ಗೊತ್ತಿತ್ತು.

ಊಟ ಮಾಡಿದಳಾ?... ನಿನ್ನ ಬುತ್ತಿ ಕೊಟ್ಟೆಯಾ? ಎಲ್ಲಾ ತಿಂದಳಾ? ಉಳಿಸಲಿಲ್ಲ ತಾನೇ?... ಒಳ್ಳೇದು. ಒಳ್ಳೇದಾಯ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಾಳೆ ಅವಳನ್ನ ಎಬ್ಬಿಸ್ತೀಯಾ? ಮೇಡಮ್ ಮುಂದೆ?... ಎಬ್ಬಿಸು ಹೋಗು. ಚೆನ್ನಾಗಿ ಹೇಳ್ತಾಳೆ. ನಾನೂ ಬಾಗಿಲ ಹಿಂದೆ ನಿಂತು ಕೇಳ್ತೀನಿ, ಒಳಗೆ ಬರೋದಿಲ್ಲ. ನನ್ನ ಮೇಲೇ ಹೇಳಲಿ. ಅವಳ ದನಿ ಕೇಳಿ ನನಗೆ... ಬಿಡು ಅದು.

ಒಂದೇ ಒಂದು ಕೇಳ್ತೀನಿ, ಆಮೇಲೆ ನೀನು ಹೋಗು. ಬಾಯಲ್ಲಿ ಹೇಳಬೇಡ. ಇಂಗ್ಲಿಷೂ ಬೇಡ, ನಮ್ಮ ಮಾತೂ ಬೇಡ. ಇವತ್ತು ರಾತ್ರಿ, ಇಲ್ಲ ನಾಳೆ, ಇಲ್ಲ ಯಾವತ್ತಾದರೂ ಸರಿ, ಅವಳು ನನ್ನ ಮನೆಗೆ ವಾಪಸ್ ಬರ್ತೀನಿ ಅಂದಳಾ?

ಈ ಕಡೆ ತಿರುಗು. ಬೆಳಕಿಗೆ ಬಾ, ಮುಖ ಕಾಣಿಸ್ತಿಲ್ಲ.

ನಿನ್ನ ಹುಬ್ಬೇ ನೋಡ್ತಾ ಇದೀನಿ ಕಣೇ.

ಲೆಸಿಯೆಲಿ... ಏರಿಸೇ. ನಮ್ಮಮ್ಮ ಅಲ್ವಾ, ಒಂದು ಸಲ ಏರಿಸೇ.